ಸುಟ್ಟ ರೂಟರಿನ ಗುರುತು

ಒಂದಾನೊಂದು ಆಸ್ಪತ್ರೆಯಲ್ಲಿ ಒಬ್ಬ ಮೇಲ್ವಿಚಾರಕನಿದ್ದ. ಅವನಿಗೆ ಬಾರದ ವಿದ್ಯೆಯೇ ಇರಲಿಲ್ಲ, ತನ್ನ ಕೆಲಸವೊಂದನ್ನು ಬಿಟ್ಟು. ಅಜ್ಜಿಯ ಕಥೆಗಳು ಹೀಗೇ ಶುರುವಾಗುತ್ತಿದ್ದವು. ಇದು ಮಾತ್ರ, ಅವನ ಕೈಕೆಳಗೆ ಫೋನುಗಳ ಜಾಲ ನೋಡಿಕೊಳ್ಳುವ ನನ್ನ ಕಣ್ಣೆದುರೇ ನಡೆದದ್ದು.

ಮೇಲ್ಮಹಡಿಯ ರೂಟರ್ ಸುಟ್ಟುಹೋಗಿ ಹೆರಿಗೆ ವಾರ್ಡಿನ ಫೋನುಗಳು ಮೂಕವಾಗಿದ್ದವು. ಸಂಜೆಯೊಳಗೆ ಸರಿಮಾಡುತ್ತೇನೆಂದು ಅಲ್ಲಿನ ನರ್ಸಕ್ಕನಿಗೆ ಮಾತು ಕೊಟ್ಟು, ಸುಟ್ಟದ್ದನ್ನು ಬಿಚ್ಚಿ ಉಗ್ರಾಣಕ್ಕೆ ಹಾಕಿ ಹೊಸದನ್ನು ಕೂರಿಸಿದ್ದೆ. ಜಾಲದ ಪ್ರತಿ ರೂಟರಿಗೂ ತನ್ನದೇ ಗುರುತಿನ ಸಂಖ್ಯೆಯಿರುತ್ತದೆ. ಅದನ್ನು ನಂಬಿಯೇ ಉಳಿದವು ಕರೆಗಳ ದಾರಿ ಲೆಕ್ಕಹಾಕುತ್ತವೆ. ಎರಡಕ್ಕೆ ಒಂದೇ ಸಂಖ್ಯೆಯಾದರೆ ಎಲ್ಲವೂ ಗೊಂದಲ.

"ಸತ್ತದ್ದರ ನಂಬರನ್ನೇ ಹೊಸದಕ್ಕೆ ಕೊಡಮ್ಮ. ಅದೇನು ಎದ್ದು ಬಂದು ಜಗಳ ಆಡುತ್ತಾ?" ಎಂದ ಮೇಲ್ವಿಚಾರಕ ಮಹಾಶಯ, ಹಲ್ಲಿಗೆ ಕಡ್ಡಿ ಹಾಕುತ್ತಾ.

ಕೊಟ್ಟೆ. ಫೋನುಗಳು ಒಮ್ಮೆ ಕುಯ್ಯೆಂದು ಸುಮ್ಮನಾದವು. ಇದೇ ಗುರುತಿನ ಇನ್ನೊಂದು ರೂಟರ್ ಇದೆಯೆಂದು ಪರದೆ ಎಚ್ಚರಿಸಿತು. ಹೊಸದನ್ನು ಆಫ್ ಮಾಡಿದೆ. ಆದರೂ ಆ ಗುರುತಿನ ಸಂಖ್ಯೆಯಿಂದ ಜಾಲಕ್ಕೆ ಸಂದೇಶ ಬರುತ್ತಲೇ ಇತ್ತು.

ಉಗ್ರಾಣಕ್ಕೆ ಹೋದೆವು. ಸುಟ್ಟ ರೂಟರ್ ಕಪಾಟಿನಲ್ಲಿತ್ತು, ಒಂದು ತಂತಿಯೂ ಇಲ್ಲದೆ. ಮುಟ್ಟಿದೆ, ನಿದ್ದೆಯಿಂದೆದ್ದ ಮಗುವಿನ ಬೆನ್ನಿನಷ್ಟು ಬೆಚ್ಚಗಿತ್ತು. ಒಳಗೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು.

"ಗಾಳಿ ಕಣಮ್ಮ, ಗಾಳಿ," ಎಂದ, ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ. ಅಷ್ಟು ಹೇಳಿ, ಬಾಯಲ್ಲೇ ಬೆಟ್ಟ ಕಡಿಯುವ ಶೂರ ಬಾಗಿಲಾಚೆ ಹೋಗಿ ನಿಂತ.

ನಾನೊಬ್ಬಳೇ ಮೇಲೆ ಹೋಗಿ ಹೊಸದಕ್ಕೆ ಬೇರೆ ಸಂಖ್ಯೆ ಕೊಟ್ಟು ಚಾಲೂ ಮಾಡಿದೆ. ನನ್ನ ಮೇಜಿಗೆ ಮರಳಿದ ಕೂಡಲೇ ಅಲ್ಲಿನ ಫೋನು ಹೊಡೆದುಕೊಂಡಿತು.

"ಲೈನ್ ಬಂತು ಕಣೇ, ನಿನ್ನ ಹೊಟ್ಟೆ ತಣ್ಣಗಿರ್ಲಿ!" ನರ್ಸಕ್ಕನ ದನಿ.

ಆ ಕರೆ ಬಂದ ದಾರಿಯನ್ನು ಪರದೆಯಲ್ಲಿ ನೋಡಿದೆ. ಅದು ಹಳೆಯ ಸಂಖ್ಯೆಯನ್ನು, ಉಗ್ರಾಣದ ಆ ಸುಟ್ಟ ರೂಟರನ್ನೇ, ಹಾದು ಬಂದಿತ್ತು.