ಎತ್ತಿ ಕುಡಿದ ನೀರು

ಬೆಟ್ಟಕ್ಕೊಂದು ಭಾಷೆ, ಬಯಲಿಗೊಂದು ಭಾಷೆ ಕೊಟ್ಟ ಭಗವಂತ ಬಾಯಾರಿಕೆಯನ್ನು ಮಾತ್ರ ಎಲ್ಲರಿಗೂ ಒಂದೇ ಕೊಟ್ಟನಂತೆ. ಆ ಕಾಲದ ಮಾತಿದು. ಹೊನ್ನಬಯಲು ಎಂಬ ರಾಜ್ಯದಲ್ಲಿ ದೇವೀರಿ ಎಂಬ ಹುಡುಗಿ, ಅಣ್ಣ ಕೆಂಚಣ್ಣನ ಜೊತೆ ದೇವಸ್ಥಾನಕ್ಕೆ ಹೂ ಕಟ್ಟಿಕೊಟ್ಟು ಬಾಳುತ್ತಿದ್ದಳು. ತಂದೆಯಿಲ್ಲ, ತಾಯಿಯಿಲ್ಲ. ಅವಳಿಗೆ ಅವನು, ಅವನಿಗೆ ಅವಳು, ಇಬ್ಬರಿಗೂ ದೇವರು.

ಬಡಗಣ ಕಣಿವೆಯಲ್ಲಿ ಕರಾಳಜಟನೆಂಬ ಮಾಂತ್ರಿಕನಿದ್ದ. ಅವನು ಅನ್ನ ತಿನ್ನುತ್ತಿರಲಿಲ್ಲ, ಹಣ್ಣು ತಿನ್ನುತ್ತಿರಲಿಲ್ಲ. ಒಂಟಿಯಾದವರ ನಿಟ್ಟುಸಿರೇ ಅವನ ಊಟ. ಒಂದು ದಿನ ಹಸಿದು ಬಂದವನಿಗೆ ಅಣ್ಣತಂಗಿಯರ ನಗು ಕೇಳಿಸಿತು. ಉರಿದುಬಿದ್ದು ಕೆಂಚಣ್ಣನ ಮೇಲೆ ಬೂದಿ ಎರಚಿದ. ಕೈಯಲ್ಲಿ ಮಾಲೆ ಹಿಡಿದಂತೆಯೇ ಕೆಂಚಣ್ಣ ಮನೆಯ ಹೊಸಿಲಲ್ಲೇ ಕಲ್ಲಾಗಿಬಿಟ್ಟ.

ದೇವೀರಿ ಮಾಂತ್ರಿಕನ ಕಾಲು ಹಿಡಿದಳು. ಅವನು ನಕ್ಕ.

"ಬೆಟ್ಟದಾಚೆಯ ತಾಯಿಯೊಬ್ಬಳು ಈ ಹೊಸಿಲಿಗೆ ಬಂದು, ನಿಮ್ಮ ಮನೆಯ ಪದ್ಧತಿಯಂತೆಯೇ ನೀರು ಕುಡಿದು, ಇವನನ್ನು ಮಗನೇ ಎಂದು ಕರೆಯಲಿ. ಆಗ ಎದ್ದಾನು. ಕಾರ್ತಿಕದ ಹುಣ್ಣಿಮೆ ಕಳೆಯಿತೋ, ಎಂದೆಂದಿಗೂ ಕಲ್ಲೇ. ಆ ಜನ ನಿಮ್ಮ ಹೊಸಿಲು ತುಳಿಯುತ್ತಾರೇನೇ, ಹುಚ್ಚಿ?"

ದೇವೀರಿ ದೀಪಕ್ಕೆ ಕೈಮುಗಿದು ಹೊರಟಳು. ಕಣಿವೆಯಲ್ಲಿ ಮೂರು ಕೊಂಬಿನ ಟಗರೊಂದು ಅಡ್ಡ ನಿಂತಿತ್ತು.

"ಎಲ್ಲಿಗೆ ಹೋಗ್ತೀ?" ಎಂದಿತು ಟಗರು.

"ಒಬ್ಬ ತಾಯಿಯನ್ನು ಕರೆತರೋಕೆ."

"ಹೋಗು. ಬರುವಾಗ ಒಬ್ಬಳೇ ಬಂದರೆ ಬಿಡೋದಿಲ್ಲ."

ಬೆಟ್ಟದಾಚೆ ಮಂಜು, ಕಂಬಳಿ ಹೊದ್ದ ಜನ, ತಿಳಿಯದ ಮಾತು. ಮೊದಲನೆಯ ಮನೆಯವರು ಮರದ ಬಟ್ಟಲಲ್ಲಿ ನೀರು ಕೊಟ್ಟರು. ಪರರ ಪಾತ್ರೆಯನ್ನು ಎಂಜಲು ಮಾಡಬಾರದೆಂದು ತಾಯಿ ಕಲಿಸಿದ್ದಳಲ್ಲ, ದೇವೀರಿ ತುಟಿ ತಾಗಿಸದೆ ಎತ್ತಿ ಕುಡಿದಳು. ಮನೆಯವರು ಚೀರಿ ಬಾಗಿಲು ಹಾಕಿಕೊಂಡರು.

ಮರ್ಯಾದೆ ಸಾಲದಾಯಿತೇನೋ ಎಂದು ಎರಡನೆಯ ಮನೆಯಲ್ಲಿ ಇನ್ನೂ ಮೇಲಕ್ಕೆತ್ತಿ ಕುಡಿದಳು. ಅವರು ಬಟ್ಟಲನ್ನೇ ಒಲೆಗೆ ಹಾಕಿದರು.

ಮೂರನೆಯ ಮನೆಯಲ್ಲಿ ತೋಂಬಿ ಎಂಬ ಮುದುಕಿ ಒಬ್ಬಳೇ ಇದ್ದಳು. ಅಲ್ಲಿ ದೇವೀರಿ ಹನಿಯೂ ಚೆಲ್ಲದಂತೆ, ಕೈಚಾಚಿ ಎತ್ತಿ ಕುಡಿದಳು. ತೋಂಬಿ ಬಾಗಿಲು ಹಾಕಲಿಲ್ಲ. ಹೊಸಿಲಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಕುರಿಹಟ್ಟಿಯ ಕಡೆ ಕೈತೋರಿಸಿದಳು.

ದೇವೀರಿ ಹಟ್ಟಿಯಲ್ಲೇ ಉಳಿದಳು. ಉಣ್ಣೆ ಹಿಂಜಿದಳು, ಸಗಣಿ ಬಳಿದಳು. ತೋಂಬಿ ದೂರದಲ್ಲಿ ರೊಟ್ಟಿಯಿಟ್ಟು ಹೋಗುತ್ತಿದ್ದಳು. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಕಿವಿಗೆ ಬಿದ್ದ ಮಾತುಗಳನ್ನೆಲ್ಲ ಅವಳು ಒಂದೊಂದಾಗಿ ಕಲಿತಳು, ಆದರೆ ಆಡಲು ಜನರಿರಲಿಲ್ಲ. ಒಂದು ಕುರಿಮರಿಗೆ ಅಣ್ಣನ ಹೆಸರಿಟ್ಟು ಕರೆದಳು. ಅದೂ ತಿರುಗಿ ನೋಡಲಿಲ್ಲ. ಶ್ರಾವಣ ಹೋಯಿತು, ಭಾದ್ರಪದ ಹೋಯಿತು, ಆಶ್ವೀಜವೂ ಹೋಯಿತು. ಅವಳ ನಿಟ್ಟುಸಿರುಂಡು ಕರಾಳಜಟ ಕಣಿವೆಯಲ್ಲಿ ಕೊಬ್ಬಿದ. "ದೇವರೇ, ನೀನೊಬ್ಬನಾದರೂ ನನ್ನ ಮಾತು ಕೇಳಿಸಿಕೋ" ಎಂದು ದಿನವೂ ಕೈಮುಗಿಯುತ್ತಿದ್ದಳು.

ಒಂದು ಬೆಳಿಗ್ಗೆ ನೆರೆಮನೆಯ ಮುದುಕ ತೀರಿಕೊಂಡ. ದೇವೀರಿ ದೂರ ನಿಂತು ನೋಡಿದಳು. ಆ ಜನ ಬಟ್ಟಲನ್ನು ಮೇಲೆತ್ತಿ, ಹೆಣದ ಬಾಯಿಗೆ ಧಾರೆಯಾಗಿ ನೀರು ಬಿಟ್ಟರು.

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಶಿವನೇ! ಮೂರು ಹೊಸಿಲಲ್ಲಿ ನಿಂತು ನಾನು ಹೆಣದ ಹಾಗೆ ನೀರು ಕುಡಿದೆನಲ್ಲ!"

ಅಂದು ಸಂಜೆ ಕರೆಯದಿದ್ದರೂ ಹೋಗಿ ತೋಂಬಿಯ ಒಲೆಯ ಮುಂದೆ ಕೂತಳು. ಮುದುಕಿ ತುಟಿಯಿಟ್ಟು ಕುಡಿದ ಬಟ್ಟಲು ಅಲ್ಲೇ ಇತ್ತು. ಎಂಜಲು! ದೇವೀರಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ದೇವರನ್ನು ನೆನೆದಳು, ಬಟ್ಟಲೆತ್ತಿ, ತುಟಿ ಒತ್ತಿ ಕುಡಿದಳು.

ತೋಂಬಿ ಕಣ್ಣರಳಿಸಿದಳು. "ಬದುಕಿಯೇ ಇದ್ದೀಯೇನೇ, ಹುಡುಗಿ! ಮೂರು ತಿಂಗಳು ಹೆಣಕ್ಕೆ ರೊಟ್ಟಿ ಹಾಕಿದೆನಲ್ಲ ನಾನು!" ಎಂದು ನಕ್ಕಳು. ನಗುತ್ತ ನಗುತ್ತ ಅತ್ತಳು. "ನನ್ನ ಮಗಳಿಗೂ ಇದೇ ಕೈಯಲ್ಲಿ ಎತ್ತಿ ಹೊಯ್ದಿದ್ದೆ. ಅವಳೇ ಎದ್ದು ಬಂದಳು ಅಂತ ನಿನ್ನನ್ನು ಓಡಿಸಲಿಲ್ಲ."

ದೇವೀರಿ ಅಣ್ಣನ ಕತೆ ಹೇಳಿದಳು.

"ಅವನಿಗೆ ಚಳಿಯಾಗೋದಿಲ್ಲವೇ?"

"ಕಲ್ಲಾಗಿದ್ದಾನೆ, ಅಮ್ಮ."

"ಕಲ್ಲು ಮುಟ್ಟಿ ನೋಡಿದ್ದೀಯಾ? ಎಷ್ಟು ತಣ್ಣಗಿರುತ್ತೆ," ಎಂದು ತೋಂಬಿ ಒಂದು ಕಂಬಳಿ ಹೆಗಲಿಗೇರಿಸಿದಳು.

ಕಣಿವೆಯಲ್ಲಿ ಟಗರು ಮುದುಕಿಯನ್ನು ಕೇಳಿತು, "ಈ ಹುಡುಗಿ ಯಾರ ಮನೆಯವಳು?"

"ನನ್ನ ಮನೆಯವಳು."

ಟಗರು ಕೊಂಬು ತಗ್ಗಿಸಿ ದಾರಿ ಬಿಟ್ಟಿತು.

ಹೊನ್ನಬಯಲಿಗೆ ಬಂದಾಗ ಕಾರ್ತಿಕದ ಹುಣ್ಣಿಮೆಯ ಸೂರ್ಯ ಇಳಿಯುತ್ತಿದ್ದ. ಹೊಸಿಲಿನ ನೀರು ಹೇಗೆ ಕುಡಿಯಬೇಕೆಂಬ ಮಾತು ಮಾತ್ರ ದಾರಿಯುದ್ದಕ್ಕೂ ದೇವೀರಿಯ ಬಾಯಿಂದ ಹೊರಟಿರಲಿಲ್ಲ. ನೆರೆಮನೆಯ ಗೌರಜ್ಜಿ ಚೊಂಬು ತಂದು ಎತ್ತಿ ಹಿಡಿದಳು. "ಬಾಯಿ ತೆರೆಯಮ್ಮ, ಎತ್ತಿ ಹೊಯ್ಯುತ್ತೇನೆ."

ತೋಂಬಿ ಎರಡು ಹೆಜ್ಜೆ ಹಿಂದೆ ಸರಿದಳು. ಬೇಲಿಯಾಚೆ ಕರಾಳಜಟ ಕೇಕೆ ಹಾಕಿದ.

"ಮೊದಲೇ ಹೇಳಬೇಕಿತ್ತು, ಅಮ್ಮ. ಹೇಳಿದರೆ ನೀನು ಬರೋದಿಲ್ಲ ಅಂತ ಹೆದರಿದೆ," ಎಂದಳು ದೇವೀರಿ. "ಬೇಡ, ಬಿಡು. ವಾಪಸು ಹೋಗೋಣ."

ತೋಂಬಿ ಕಲ್ಲಿನ ಹುಡುಗನನ್ನೇ ನೋಡಿದಳು. "ನನ್ನ ಮನೆಯಲ್ಲಿ ನೀನು ನಮ್ಮವಳ ಹಾಗೆ ಕುಡಿದೆ. ನಿನ್ನ ಮನೆಯಲ್ಲಿ ನಾನು ಹೆಣದ ಹಾಗೆ ಕುಡಿದರೆ ಸತ್ತೇ ಹೋಗುತ್ತೇನೇನು?" ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಬಾಯಿ ತೆರೆದಳು. ನೀರು ಬಿತ್ತು. ಒಂದು ಹನಿಯನ್ನೂ ಉಗುಳಲಿಲ್ಲ. ಕಲ್ಲಿಗೆ ಕಂಬಳಿ ಹೊದಿಸಿ, ತನ್ನ ನುಡಿಯಲ್ಲೇ "ಏಳು ಮಗನೇ" ಎಂದಳು.

ಕಂಬಳಿಯೊಳಗಿಂದ ದನಿ ಬಂತು. "ಅಮ್ಮಾ, ಚಳಿ."

ಉಣ್ಣಲು ನಿಟ್ಟುಸಿರೊಂದೂ ಸಿಗದೆ ಕರಾಳಜಟ ಹುರುಳಿಕಾಳಿನಷ್ಟಾಗಿ ಗಾಳಿಗೆ ಹಾರಿಹೋದ.

ತೋಂಬಿ ಅಲ್ಲೇ ಉಳಿದಳು. ವರ್ಷಕ್ಕೊಮ್ಮೆ ಮೂವರೂ ಬೆಟ್ಟ ಹತ್ತಿ ಕುರಿಗಳನ್ನು ನೋಡಿಬರುತ್ತಿದ್ದರು. ಬೆಟ್ಟದ ನೆನಪಾಗಿ ಮುದುಕಿ ಸುಮ್ಮನೆ ಕೂತ ಸಂಜೆ, ಎಂಜಲು ಮೈಲಿಗೆ ಎಂದೆಲ್ಲ ಗೊಣಗುತ್ತಿದ್ದ ಗೌರಜ್ಜಿಯೇ ಬಂದು, ಅವಳ ಬಟ್ಟಲಿಗೆ ತುಟಿಯಿಟ್ಟು ಕುಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಅವರನ್ನು ಒಂದೇ ಒಲೆಯ ಮುಂದೆ ಕೂರಿಸಿದ ದೇವರು, ಈ ಕತೆ ಓದಿದ ಯಾರನ್ನೂ ಒಂಟಿಯಾಗಿ ಬಿಡದಿರಲಿ.