ನಲವತ್ತೆರಡನೆಯ ಕಂತು

ಚಿದಂಬರನ ಜೊತೆ ಮಾತು ನಿಂತು ಎರಡು ತಿಂಗಳಾಗಿತ್ತು. ಆದರೂ ಹರಿಣಿ ದಿನಾ ಬೆಳಿಗ್ಗೆ ಫೋನು ಹಿಡಿದು ಕಾಯುತ್ತಿದ್ದಳು. ಕಾಯುತ್ತಿದ್ದದ್ದು ಅವನ ಮೆಸೇಜಿಗಲ್ಲ, ಕೊರಿಯನ್ ಕಾಮಿಕ್ಸ್ ಓದುವ ಆ್ಯಪಿನಲ್ಲಿ ಕದಲುವ ಒಂದು ಹಸಿರು ಚುಕ್ಕೆಗೆ.

ಖಾತೆ ಅವಳದು, ಓದುಗರು ಇಬ್ಬರು. ರಾಜಧಾನಿಯ ಹೌಜ್ ಖಾಸ್‌ನ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದ ದಾವಣಗೆರೆಯ ಚಿದಂಬರನಿಗೆ ಕನ್ನಡ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಅವಳೇ ಪಾಸ್‌ವರ್ಡ್ ಹೇಳಿಕೊಟ್ಟಿದ್ದಳು. ಯಾರು ಓದಿದರೂ, ನಿಲ್ಲಿಸಿದ ಜಾಗದಲ್ಲಿ ಚುಕ್ಕೆ ಬೀಳುತ್ತಿತ್ತು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು. ಹೀಗೆ ಹತ್ತು ತಿಂಗಳು ಒಂದೇ ಕತೆಯೊಳಗೆ ಹಿಂದೆಮುಂದೆ ನಡೆದಿದ್ದರು.

ಜನವರಿಯಲ್ಲಿ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಸರೋಜಿನಿ ನಗರದ ಮೆಟ್ರೋ ಮೆಟ್ಟಿಲ ಮೇಲೆ ನಿಂತು, ಹೋಗಲೋ ಇರಲೋ ಎಂದು ಕೇಳಿದ. ಬಾಯಿಗೆ ಬಂದ ಮಾತನ್ನು ನುಂಗಿ ಅವಳು, ನಿನ್ನಿಷ್ಟ, ಅಂದಳು. ಅವನು ತಲೆಯಾಡಿಸಿ ಇಳಿದುಹೋದ.

ಚುಕ್ಕೆ ಮಾತ್ರ ಹೋಗಲಿಲ್ಲ. ದಿನಾ ಒಂಬತ್ತೂವರೆ ಹೊತ್ತಿಗೆ ನಲವತ್ತೆರಡನೆಯ ಕಂತಿಗೆ ಬಂದು ನಿಲ್ಲುತ್ತಿತ್ತು. ನಾಯಕಿ ಏನೂ ಹೇಳದೆ ಹಸಿರು ಬಸ್ಸು ಹತ್ತುವ ಕಂತು ಅದು. ಬಸ್ಸು ಹೋದ ಮೇಲೆ ಬೆರಳಿಂದ ಎಷ್ಟು ಸರಿಸಿದರೂ ಮುಗಿಯದ ಖಾಲಿ ರಸ್ತೆ. ಹರಿಣಿ ಬೇಕೆಂದೇ ಚುಕ್ಕೆಯನ್ನು ಐವತ್ತಕ್ಕೆ ಸರಿಸಿಡುವಳು. ಮರುದಿನ ಮತ್ತೆ ನಲವತ್ತೆರಡು. ಅವನೂ ಅಲ್ಲೇ ನಿಂತಿದ್ದಾನೆ ಎಂದುಕೊಳ್ಳುವಳು.

ಮಾರ್ಚಿನಲ್ಲಿ, ಅವನು ಪುಣೆಗೆ ಹೊರಡುವ ಹಿಂದಿನ ಶನಿವಾರ ಅವಳು ಆಟೋ ಹಿಡಿದಳು. ಅವನ ಹಾಸ್ಟೆಲ್ ಗೇಟಿನ ಚಹಾದಂಗಡಿಯ ಬೆಂಚಿನಲ್ಲಿ ಅವನಿದ್ದ, ಸ್ವಲ್ಪ ಸೊರಗಿದ್ದ. ಅವಳು ಕೂರಲಿಲ್ಲ.

"ಹೋಗ್ಬೇಡ ಅಂತ ಹೇಳೋಕೆ ಬಂದೆ. ಆವತ್ತೇ ಹೇಳ್ಬೇಕಿತ್ತು, ಪತಾ ಹೈ, ನಂಗೊತ್ತು. ನೀನೂ ದಿನಾ ನಲವತ್ತೆರಡಕ್ಕೇ ವಾಪಸ್ ಬರ್ತಿದ್ದೀಯಲ್ಲ, ಅದಕ್ಕೇ ಧೈರ್ಯ ಬಂತು."

ಚಿದಂಬರ ಗ್ಲಾಸನ್ನು ಪಕ್ಕದಲ್ಲಿ ಬೆಂಚಿನ ಮೇಲಿಟ್ಟ. "ಹರಿಣಿ, ನಾನು ಜನವರಿಯಲ್ಲೇ ಲಾಗೌಟ್ ಮಾಡಿದ್ದೆ."

"ಮತ್ತೆ ಯಾರು ಓದ್ತಿರೋದು?"

ಕೇಳಿದ ಮರುಕ್ಷಣವೇ ಅವಳಿಗೆ ಹೊಳೆಯಿತು. ಅವಳದೇ ಖಾತೆ ತೆರೆದಿದ್ದ ಮನೆಯ ಹಳೆಯ ಟ್ಯಾಬ್. ಪೇಪರ್ ಓದೋಕೆ ಅಂತ ದಿನಾ ಮೆಟ್ರೋದಲ್ಲಿ ಅದನ್ನು ಒಯ್ಯುತ್ತಿದ್ದವರು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದ ಅವಳ ಅಪ್ಪ, ಚಂದ್ರಮೋಹನರು. ಮೊನ್ನೆ ಊಟಕ್ಕೆ ಕೂತಾಗ, ಕೊರಿಯಾದಲ್ಲೂ ನಮ್ಮ ಡಿಟಿಸಿ ಥರಾನೇ ಹಸಿರು ಬಸ್ಸಂತೆ, ಎಂದು ಸುಮ್ಮಸುಮ್ಮನೆ ಹೇಳಿದ್ದರು. ಆ ಬಸ್ಸಿನ ಕಂತನ್ನೇ ದಿನಾ ಮತ್ತೆ ಮತ್ತೆ ತೆರೆಯುತ್ತಿದ್ದವರು ಅವರೇ.

ಅಪ್ಪ ಅಂತ ಅವಳು ತಗ್ಗಿದ ದನಿಯಲ್ಲಿ ಹೇಳಿದಾಗ ಚಿದಂಬರ ತಡೆಯಲಾರದೆ ನಕ್ಕುಬಿಟ್ಟ. ನಾಚಿಕೆಯಿಂದ ಕಿವಿ ಬಿಸಿಯಾಗಿ ಅವಳು ರಸ್ತೆಯತ್ತ ಹೊರಟೇಬಿಟ್ಟಳು.

"ಯಾಕೆ ಲಾಗೌಟ್ ಮಾಡ್ದೆ ಅಂತ ಕೇಳಲ್ವಾ?"

ಅವಳು ನಿಂತಳು.

"ನಿನ್ನ ಚುಕ್ಕೆ ಎಲ್ಲಿ ನಿಂತಿದೆ ಅಂತ ನೋಡ್ತಾ ಕೂತು ಒಂದು ವಾರ ಲ್ಯಾಬಿಗೇ ಹೋಗ್ಲಿಲ್ಲ. ಇನ್ನೊಂದು ದಿನ ನೋಡಿದ್ರೆ ಪುಣೆಯವರಿಗೆ ಬರಲ್ಲ ಅಂತ ಬರೆದುಬಿಡ್ತಿದ್ದೆ. ನೀನು ನಿನ್ನಿಷ್ಟ ಅಂದಿದ್ದೆ. ಯಾರಿಗೋಸ್ಕರ ಬರೆಯೋದು?"

ಲಾಗೌಟ್ ಆದಮೇಲೂ ಬೆರಳು ಆ ಆ್ಯಪಿನ ಮೇಲೇ ಹೋಗುತ್ತಿತ್ತಂತೆ. ಸೋಮವಾರ ಸೇರಲೇಬೇಕು, ಸಹಿ ಹಾಕಿಯಾಗಿದೆ ಎಂದೂ ಹೇಳಿದ, ತಪ್ಪೊಪ್ಪಿಕೊಳ್ಳುವವನ ಹಾಗೆ.

ಹರಿಣಿ ವಾಪಸ್ ಬಂದು ಬೆಂಚಿನ ತುದಿಗೆ ಕೂತಳು. ಇಬ್ಬರ ನಡುವೆ ಅವನ ಗ್ಲಾಸಿತ್ತು. ಅದನ್ನು ಎತ್ತಿ ಆಚೆಗಿಟ್ಟಳು.

"ಹೋಗು," ಅಂದಳು. "ಆದ್ರೆ ನಾನು ಬೇಡ ಅಂದಿದ್ದೆ ಅಂತ ಗೊತ್ತಿಟ್ಕೊಂಡು ಹೋಗು."

ಚಹಾದ ಭಯ್ಯಾ ಇತ್ತ ನೋಡಿದ. ಚಿದಂಬರ ಅವಳ ಮುಖದಿಂದ ಕಣ್ಣು ಕೀಳದೆಯೇ ಎರಡು ಬೆರಳು ಎತ್ತಿ ತೋರಿಸಿದ.