ನಾಲ್ಕನೆಯ ಸೂಜಿ

ನಾಯಿ ಕಚ್ಚಿದವರಿಗೆ ನಾಲ್ಕು ಸೂಜಿ. ಕಚ್ಚಿದ ದಿನವೇ ಒಂದು, ಮೂರು ದಿನಕ್ಕೆ ಒಂದು, ಏಳಕ್ಕೊಂದು. ಆಮೇಲೆ ಒಮ್ಮೆಲೇ ಇಪ್ಪತ್ತೆಂಟಕ್ಕೆ. ಆಂಡರ್ಸನ್‌ಪೇಟೆಯ ಪುಟ್ಟ ಆಸ್ಪತ್ರೆಯೊಂದರ ನರ್ಸ್ ಸುಕನ್ಯ ಇದನ್ನು ಮೂರು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದಳು. ಏಳಕ್ಕೂ ಇಪ್ಪತ್ತೆಂಟಕ್ಕೂ ನಡುವೆ ಅಷ್ಟೊಂದು ದಿನಗಳಿವೆ ಎಂದು ಅವಳಿಗೆ ಅನ್ನಿಸಿದ್ದು ಮಾತ್ರ ಬಾಲಾಜಿ ಬಂದ ಮೇಲೆ.

ಕಚ್ಚಿಸಿಕೊಂಡವನು ಅವನಲ್ಲ, ಬೇತಮಂಗಲದ ಕಡೆಯಿಂದ ಹಾಲು ತರುವ ಮುನಿಸ್ವಾಮಪ್ಪ. ಬಾಲಾಜಿಯ ಸ್ಕೂಟರ್ ಗ್ಯಾರೇಜಿನಲ್ಲಿ ಅಮ್ಮು ಎಂಬ ಪಿಟ್‌ಬುಲ್ ಇತ್ತು. ಅದೇ ತನ್ನ ಕಾಲಿಗೆ ಬಾಯಿ ಹಾಕಿತೆಂದು ಮುದುಕ ಹೇಳಿದ. ಆಗ ಬಾಲಾಜಿ ಒಳಗಿದ್ದ. ಕಂಡವರು ಯಾರೂ ಇರಲಿಲ್ಲ. ತಪ್ಪು ತನ್ನದೇ ಎಂಬಂತೆ ಅವನು ಮುದುಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದ.

"ಉಲಿ ಇದ್ದಂಗೈತಮ್ಮ ಆ ನಾಯಿ," ಎಂದ ಮುನಿಸ್ವಾಮಪ್ಪ.

"ಅಂಥದ್ದನ್ನ ಯಾಕ್ರೀ ಸಾಕ್ತೀರ?" ಸುಕನ್ಯ ಬಾಲಾಜಿಯನ್ನು ಗದರಿದಳು.

"ಬಂಗಾರಪೇಟೆ ಸ್ಟೇಷನ್ ಅತ್ರ ಯಾರೋ ಬಿಟ್ಟೋಗಿದ್ರು ಮೇಡಂ. ಯಾರು ಕೈ ಎತ್ತಿದ್ರೂ ನಡುಗ್ತಿತ್ತು."

"ಈಗ ನಿಮ್ಮ ಬೀದಿ ನಡುಗ್ತಿದೆ."

ಅವನು ನಕ್ಕ. ನಗುತ್ತಲೇ ಗ್ರೀಸ್ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಸಿರಿಂಜನ್ನು ನೋಡುವವಳಂತೆ ನಟಿಸಿ ಸುಕನ್ಯ ಅವನು ಕೈ ಅಡಗಿಸಿದ್ದನ್ನೇ ನೋಡಿದಳು.

ಎರಡನೆಯ ಸೂಜಿಗೆ ಬಂದಾಗ ಬಾಲಾಜಿಯ ಕೈಗಳು ತೊಳೆದು ಹೊಳೆಯುತ್ತಿದ್ದವು.

"ಇವತ್ತು ಏನೋ ವಿಶೇಷ," ಎಂದಳು.

"ಆಸ್ಪತ್ರೆ ಅಲ್ವಾ, ಕ್ಲೀನಾಗಿರ್ಬೇಕು."

"ಮೊನ್ನೆನೂ ಇದು ಆಸ್ಪತ್ರೆನೇ ಆಗಿತ್ತು."

"ಸೂಜಿ ನನಗಮ್ಮ," ಎಂದ ಮುನಿಸ್ವಾಮಪ್ಪ ತೋಳು ಚಾಚಿಕೊಂಡು. "ನೀವು ಮಾತಾಡ್ಕಂಡು ಇನ್ಯಾರಿಗಾನ ಚುಚ್ಚೀರ."

ಏಳನೆಯ ದಿನದ ಹೊತ್ತಿಗೆ ಕಾಲಿನ ಊತ ಇಳಿದಿತ್ತು. ಸುಕನ್ಯ ಬಗ್ಗಿ ನೋಡಿದಳು. ನಾಲ್ಕು ಸಣ್ಣ ಚುಕ್ಕೆಗಳು. ನಾಲ್ಕೂ ಒಂದು ಹುಣಸೆಬೀಜದ ಅಡಿಯಲ್ಲಿ ಮುಚ್ಚಿಹೋಗುವಷ್ಟು ಹತ್ತಿರ. ಅಂಗೈಯಗಲದ ದವಡೆಯ ನಾಯಿ ಹೀಗೆ ಕಚ್ಚುವುದು ಸಾಧ್ಯವೇ ಇರಲಿಲ್ಲ.

"ಭಾನುವಾರ ಅಮ್ಮುನ ಕಳಿಸ್ತಿದೀನಿ ಮೇಡಂ," ಬಾಗಿಲಲ್ಲಿ ನಿಂತಿದ್ದ ಬಾಲಾಜಿ ಹೇಳಿದ. "ಬೀದಿಯೋರು ಒಪ್ತಿಲ್ಲ. ಒಬ್ರು ತೋಟ ಕಾಯೋಕೆ ಕೇಳಿದಾರೆ. ಅಗಲೂ ರಾತ್ರಿ ಸರಪಳೀಲಿ ಕಟ್ಟಾಕ್ತಾರಂತೆ."

ಅಮ್ಮು ಕಚ್ಚಿಲ್ಲವೆಂದಾದರೆ ಇವನು ನಾಲ್ಕನೆಯ ಸೂಜಿಗೆ ಯಾಕೆ ಬರುತ್ತಾನೆ? ಸುಕನ್ಯಳಿಗೆ ಮೊದಲು ಹೊಳೆದದ್ದು ಇದೇ. ಅದು ಹೊಳೆದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಸ್ಕೂಟರಿನ ಸದ್ದು ದೂರವಾಗುವವರೆಗೆ ಅವಳು ಸುಮ್ಮನೇ ನಿಂತಿದ್ದಳು.

ಆ ಮೌನ ಮೂರು ದಿನ ಅವಳನ್ನು ಕೂರಲು ಬಿಡಲಿಲ್ಲ. ಶನಿವಾರ ಹಳೆಯ ರಿಜಿಸ್ಟರುಗಳನ್ನು ತೆಗೆದಳು. ಊಟ ಮಾಡುವಾಗ ಮೈಮುಟ್ಟಿಸಿಕೊಂಡ ನಾಯಿ, ಬಾಲ ತುಳಿಸಿಕೊಂಡ ನಾಯಿ, ಮರಿ ಹಾಕಿದ ನಾಯಿ, ಕಲ್ಲೇಟು ತಿಂದ ನಾಯಿ. ಹೆದರಿದವೇ ಕಚ್ಚಿದ್ದವು. ಮೂರು ವರ್ಷದ ಪುಟಗಳಲ್ಲಿ ಪಿಟ್‌ಬುಲ್ ಎಂದಿದ್ದದ್ದು ಒಂದೇ ಕಡೆ. ಅದನ್ನು ಕೇಳಿದ್ದೇ ನಂಬಿ ಬರೆದವಳು ತಾನೇ.

ಅವಳು ಮುನಿಸ್ವಾಮಪ್ಪನಿಗೆ ಫೋನ್ ಮಾಡಿದಳು.

"ತಾತ, ನಿಮ್ಮನೇಲಿ ನಾಯಿ ಇದೆಯಾ?"

ಅವನು ಉತ್ತರಿಸುವ ಮೊದಲೇ ಫೋನಿನ ಆ ಕಡೆಯಿಂದ ಕೀಚಲು ದನಿಯ ಬೊಗಳಾಟ ಕೇಳಿಸಿತು.

"ಮಗಳದಮ್ಮ. ಪಮೇರಿಯನ್ ಜಾತೀದು," ಎಂದ ಮುದುಕ. ಆಮೇಲೆ ದನಿ ತಗ್ಗಿಸಿದ. "ಅದು ಬಿಸ್ಕೆಟ್ ತಿನ್ನೋವಾಗ ಕಾಲಡ್ಡ ಇಟ್ಬಿಟ್ಟೆ. ಪಮೇರಿಯನ್ ಕಚ್ತು ಅಂದ್ರೆ ಟೀ ಅಂಗಡೀಲಿ ನಗ್ತಾರೆ. ಪಿಟ್‌ಬುಲ್ ಅಂದಿದ್ಕೆ ಎದ್ದು ಕುರ್ಚಿ ಕೊಟ್ರು. ಆ ಉಡುಗ ಸೂಜಿಗೆ ಕರ್ಕಂಡೋಗ್ತೀನಿ ಅಂದ. ಸುಮ್ಕಾದೆ."

"ನಾಳೆ ಅವರು ನಾಯಿನ ಕಳಿಸ್ತಿದಾರೆ ತಾತ. ಸರಪಳಿಗೆ."

ಆ ಕಡೆ ಮುದುಕ ಬೊಗಳುತ್ತಿದ್ದ ನಾಯಿಯನ್ನು ಗದರಿಸುವುದು ಕೇಳಿಸಿತು.

"ಅಯ್ಯೋ, ಅದು ನನ್ನ ನೋಡಿದ್ರೆ ಬಾಲ ಆಡಿಸ್ತದಮ್ಮ," ಎಂದ. "ಬೀದಿಯೋರ ಮುಂದೆ ನಾನೇ ಬಂದು ಯೋಳ್ತೀನಿ. ನಗಲಿ ಬಿಡು."

ಸಂಜೆ ಸುಕನ್ಯ ಗ್ಯಾರೇಜಿಗೆ ಹೋದಳು. ಅಮ್ಮು ಅವಳನ್ನು ಕಂಡು ಬಾಲಾಜಿಯ ಕಾಲ ಹಿಂದೆ ಸರಿಯಿತು. ಅಷ್ಟು ದೊಡ್ಡ ಮೈ ಅಷ್ಟು ಸಣ್ಣ ಮರೆಯಲ್ಲಿ ಹಿಡಿಸಲಿಲ್ಲ. ಸುಕನ್ಯ ಅಲ್ಲೇ ನೆಲಕ್ಕೆ ಕುಕ್ಕರಿಸಿ, ಕೈ ಚಾಚದೆ ಕಾದಳು. ಬಹಳ ಹೊತ್ತಿನ ಮೇಲೆ ತಣ್ಣನೆಯ ಮೂಗೊಂದು ಅವಳ ಮಣಿಕಟ್ಟನ್ನು ಮೂಸಿತು.

ಮುದುಕನ ಮಾತನ್ನು ಅವಳು ಹೇಳಿ ಮುಗಿಸಿದಾಗ ಬಾಲಾಜಿ ಸ್ಟೂಲಿನ ಮೇಲೆ ಕುಸಿದು ಕೂತ.

"ಸಾಕಿದೋನು ನಾನೇ ನಂಬಿಬಿಟ್ನಲ್ಲ," ಎಂದ.

"ನನಗೆ ಏಳನೇ ದಿನವೇ ಗೊತ್ತಾಗಿತ್ತು." ಸುಕನ್ಯ ತಲೆ ಎತ್ತಲಿಲ್ಲ. "ಹೇಳಿದ್ರೆ ನೀವು ಇನ್ನು ಬರಲ್ಲ ಅನ್ನಿಸ್ತು. ಅದಕ್ಕೇ ಸುಮ್ಮನಿದ್ದೆ. ಬೈದುಬಿಡಿ."

ಅಮ್ಮು ಇಬ್ಬರ ಮುಖವನ್ನೂ ಸರದಿಯಂತೆ ನೋಡಿತು.

"ಮೂರನೇ ಸೂಜಿಗೆ ತಾತ ಬಸ್ಸಲ್ಲೇ ಓಗ್ತೀನಿ ಅಂದಿದ್ರು," ಎಂದ ಬಾಲಾಜಿ. "ಬಸ್ಸಿಲ್ಲ ಅಂತ ಸುಳ್ಳೇಳಿ ನಾನೇ ಕರ್ಕಂಬಂದೆ. ನಾನು ಯಾವ ಬಾಯಲ್ಲಿ ಬೈಲಿ?"

ಸುಕನ್ಯ ತಲೆ ಎತ್ತಿದಳು. ಅವನ ಕಿವಿಗಳು ಕೆಂಪಾಗಿದ್ದವು.

"ತೋಟದೋರಿಗೆ ಫೋನ್ ಮಾಡ್ತೀನಿ. ಇದನ್ನ ಒಂದ್ನಿಮಿಷ ಇಡ್ಕೊಳ್ಳಿ ಸುಕನ್ಯ," ಎಂದು ಅಮ್ಮುವಿನ ಬೆಲ್ಟಿನ ತುದಿಯನ್ನು ಅವಳ ಕೈಗೆ ಕೊಟ್ಟ. ಮೇಡಂ ಎನ್ನದೆ ಹೆಸರು ಹಿಡಿದದ್ದು ಅದೇ ಮೊದಲು.

ಫೋನಿನ ಮಾತು ಎರಡೇ ನಿಮಿಷದಲ್ಲಿ ಮುಗಿಯಿತು. ಅವನು ಬಂದು ಅವಳ ಪಕ್ಕದಲ್ಲೇ ನೆಲಕ್ಕೆ ಕೂತ. ಬೆಲ್ಟನ್ನು ಅವನು ಕೇಳಲಿಲ್ಲ, ಅವಳೂ ಕೊಡಲಿಲ್ಲ.